ಲಾಗಿನ್ ಪರದೆಯಲ್ಲಿ ನಿಂತ ಗಣಕಯಂತ್ರ: ಫಾರ್ಮ್ಯಾಟ್ ಮಾಡಿಸುವ ಮುನ್ನ

ತಾಳವಾಡಿ ಬೆಟ್ಟಪ್ರದೇಶದ ತಿಗನಾರೆಯಂತಹ ಊರಿನಲ್ಲಿ ಶಾಲೆಯ ಗಣಕಯಂತ್ರವೊಂದು ಕೆಲಸ ನಿಲ್ಲಿಸಿದಾಗ, ತಾಳವಾಡಿ ಪೇಟೆಯಲ್ಲಿ ಅದು ಸರಿಹೋಗದಿದ್ದರೆ ಮುಂದೆ ಉಳಿಯುವ ದಾರಿಗಳು ಎರಡು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಇಲ್ಲವೇ ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು. ಘಾಟಿಯ ರಸ್ತೆ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾದುಹೋಗುವುದರಿಂದ ಇರುಳಿನ ಸಂಚಾರಕ್ಕೆ ನಿರ್ಬಂಧವೂ ಉಂಟು. ಹೀಗಾಗಿ ಯಂತ್ರವನ್ನು ಒಯ್ದವರು ಅಂದೇ ಹಿಂದಿರುಗಬೇಕೆಂದು ಅವಸರಪಡುತ್ತಾರೆ. ದುರಸ್ತಿ ಮಾಡುವವರು ಅಂದೇ ಮುಗಿಯುವ ಉಪಾಯವನ್ನು ಹಿಡಿಯುತ್ತಾರೆ. ಆ ಉಪಾಯದ ಹೆಸರು ಫಾರ್ಮ್ಯಾಟ್. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಕಾರ್ಯವ್ಯವಸ್ಥೆಯನ್ನು ಹೊಸದಾಗಿ ತುಂಬಿಕೊಡುವ ಕೆಲಸ ಅದು.

ಇದರಿಂದ ಯಂತ್ರವೇನೋ ಸರಿಹೋಗುತ್ತದೆ. ಆದರೆ ಅಲ್ಪಸಂಖ್ಯಾತ ಭಾಷಾ ಮಾಧ್ಯಮದ ಶಾಲೆಗೆ ಆಗುವ ನಷ್ಟ ಬೇರೆ ಬಗೆಯದು. ತಮಿಳು ಮಾಧ್ಯಮದ ಶಾಲೆಯೊಂದು ತನ್ನ ಪ್ರಶ್ನೆಪತ್ರಿಕೆಯ ಕಡತವನ್ನು ಕಳೆದುಕೊಂಡರೆ ಪಕ್ಕದ ಶಾಲೆಯಿಂದ ಪಡೆಯಬಹುದು. ಕನ್ನಡದಲ್ಲಿ ಸಿದ್ಧಪಡಿಸಿದ ಘಟಕಪರೀಕ್ಷೆ, ತಮಿಳಿನ ಸುತ್ತೋಲೆಯಿಂದ ಕನ್ನಡಕ್ಕೆ ಇಳಿಸಿಕೊಂಡ ಸೂಚನೆ, ಒಂದನೆಯ ತರಗತಿಯ ಅಕ್ಷರಪಟ್ಟಿ, ಹಿಂದಿನ ವರ್ಷಗಳ ಅಭ್ಯಾಸಪತ್ರ ಇವು ಅನೇಕ ವೇಳೆ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತವೆ. ಅವನ್ನು ಬೆರಳಚ್ಚಿಸಿದವರು ಅದೇ ಶಾಲೆಯ ಶಿಕ್ಷಕರು. ಮತ್ತೆ ಬೆರಳಚ್ಚಿಸಬೇಕಾದವರೂ ಅವರೇ. ಫಾರ್ಮ್ಯಾಟಿನೊಡನೆ ನುಡಿ, ಬರಹ ತಂತ್ರಾಂಶಗಳೂ ಅವುಗಳ ಅಕ್ಷರಶೈಲಿಗಳೂ ಹೋಗುತ್ತವೆ.

ಲಾಗಿನ್ ಪರದೆಯಲ್ಲಿ ಯಂತ್ರ ನಿಂತಾಗ ಈ ನಷ್ಟಕ್ಕೆ ಒಳಗಾಗಬೇಕಾದ ಸಂದರ್ಭ ಬಹಳ ಅಪರೂಪ. ಏಕೆಂದರೆ ಆ ಪರದೆ ಮೂಡಬೇಕಾದರೆ ವಿದ್ಯುತ್ ಪೂರೈಕೆ, ಸ್ಮೃತಿಕೋಶ, ತೆರೆ, ಡಿಸ್ಕು ಇವೆಲ್ಲ ತಕ್ಕಮಟ್ಟಿಗೆ ಕೆಲಸ ಮಾಡಿರಬೇಕು; ಕಾರ್ಯವ್ಯವಸ್ಥೆಯ ಮುಖ್ಯಭಾಗ ಡಿಸ್ಕಿನಿಂದ ಓದಿಬಂದಿರಬೇಕು. ಲಾಗಿನ್ ಪರದೆಯವರೆಗೆ ಬಂದ ಯಂತ್ರ ಬಾಗಿಲವರೆಗೆ ನಡೆದು ಬಂದ ಮನುಷ್ಯನಂತೆ. ಅವನಿಗೆ ನಡೆಯಲು ಬರುವುದಿಲ್ಲವೆಂದು ತೀರ್ಮಾನಿಸುವ ಮೊದಲು ಬಾಗಿಲು ಏಕೆ ತೆರೆಯಲಿಲ್ಲವೆಂದು ನೋಡಬೇಕು.

ನಿಂತದ್ದು ಯಾವ ಹಂತದಲ್ಲಿ?

“ಲಾಗಿನ್‌ನಲ್ಲಿ ನಿಂತುಬಿಟ್ಟಿದೆ” ಎಂಬ ಒಂದೇ ಮಾತಿನ ಹಿಂದೆ ಕನಿಷ್ಠ ಐದು ಬೇರೆ ಬೇರೆ ಸ್ಥಿತಿಗಳಿರುತ್ತವೆ. ಚಿತ್ರ ಮಾತ್ರ ಕಾಣುತ್ತದೆ, ಪಾಸ್‌ವರ್ಡ್ ಬರೆಯುವ ಚೌಕವೇ ಬರುವುದಿಲ್ಲ. ಚೌಕ ಬರುತ್ತದೆ, ಪಾಸ್‌ವರ್ಡ್ ತಪ್ಪೆನ್ನುತ್ತದೆ. ಪಾಸ್‌ವರ್ಡ್ ಒಪ್ಪುತ್ತದೆ, ಆದರೆ ಚಕ್ರ ತಿರುಗುತ್ತಲೇ ಇರುತ್ತದೆ. ಒಪ್ಪಿದ ಮೇಲೆ ಪರದೆ ಕಪ್ಪಾಗಿ ಉಳಿಯುತ್ತದೆ. ಒಪ್ಪಿದಂತೆ ಮಾಡಿ ಮತ್ತೆ ಲಾಗಿನ್ ಪರದೆಗೇ ಹಿಂದಿರುಗುತ್ತದೆ. ಇವುಗಳಲ್ಲಿ ಒಂದರ ಪರಿಹಾರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಶಿಕ್ಷಕರು ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಪರದೆಯ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಪರದೆಯ ಮೇಲೆ ಬರುವ ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೂ ಚಿತ್ರವಿದ್ದರೆ ಸಾಕು, ಫೋನಿನಲ್ಲಿಯೇ ಬಲ್ಲವರನ್ನು ಕೇಳಬಹುದು.

ಚೌಕವೇ ಬಾರದ ಸ್ಥಿತಿಯಲ್ಲಿ ಮೊದಲು ಎಂಟರ್ ಕೀಲಿಯನ್ನು, ಬಳಿಕ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನು ಒಟ್ಟಿಗೆ ಒತ್ತಬೇಕು. ಆಗಲೂ ಏನೂ ಆಗದಿದ್ದರೆ ಕೀಲಿಮಣೆಯನ್ನೇ ಅನುಮಾನಿಸಬೇಕು. ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹೊತ್ತಿ ಆರುತ್ತಿದ್ದರೆ ಕೀಲಿಮಣೆ ಯಂತ್ರದೊಡನೆ ಮಾತಾಡುತ್ತಿದೆ. ಇಲ್ಲವಾದರೆ ಅದನ್ನು ಬೇರೊಂದು ಯುಎಸ್‌ಬಿ ಕಿಂಡಿಗೆ ಬದಲಿಸಬೇಕು. ತಂತಿಯಿಲ್ಲದ ಕೀಲಿಮಣೆಯಾದರೆ ಬ್ಯಾಟರಿ ನೋಡಬೇಕು. ಇಷ್ಟು ಸಣ್ಣ ಕಾರಣಕ್ಕೆ ಇಡೀ ಯಂತ್ರ ಬಸ್ಸೇರಿ ಘಾಟಿ ಇಳಿಯುವುದುಂಟು.

ಕೀಲಿಮಣೆ ಯಾವ ಭಾಷೆಯಲ್ಲಿದೆ?

ಕನ್ನಡ ಶಿಕ್ಷಕರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇಂಗ್ಲಿಷೊಂದನ್ನೇ ಬಳಸುವ ಕಛೇರಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಕಡಿಮೆ.

ಗಡಿಭಾಗದ ಶಾಲೆಯ ಯಂತ್ರದಲ್ಲಿ ಮೂರು ಭಾಷೆಗಳ ಕೀಲಿಮಣೆ ಇರುವುದು ಸಹಜ. ಪಾಠಕ್ಕೆ ಕನ್ನಡ, ಇಲಾಖೆಯ ಪತ್ರಕ್ಕೆ ತಮಿಳು, ಉಳಿದದ್ದಕ್ಕೆ ಇಂಗ್ಲಿಷ್. ವಿಂಡೋಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಸೇರಿಸಿದಾಗ ಆ ಆಯ್ಕೆ ಲಾಗಿನ್ ಪರದೆಯಲ್ಲೂ ಬರುತ್ತದೆ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಭಾಷೆಯ ಹೆಸರಿನ ಮೂರು ಅಕ್ಷರಗಳ ಚಿಕ್ಕ ಗುರುತೊಂದು ಇರುತ್ತದೆ. ಕನ್ನಡದಲ್ಲಿ ಬೆರಳಚ್ಚಿಸುತ್ತಿದ್ದ ಶಿಕ್ಷಕರು ಗಂಟೆ ಬಾರಿಸಿತೆಂದು ತರಗತಿಗೆ ಎದ್ದುಹೋಗುತ್ತಾರೆ. ಅಷ್ಟರಲ್ಲಿ ಯಂತ್ರ ನಿದ್ರೆಗೆ ಜಾರುತ್ತದೆ. ಹಿಂದಿರುಗಿ ಬಂದು ಪಾಸ್‌ವರ್ಡ್ ಬರೆದರೆ ಯಂತ್ರ ಒಪ್ಪುವುದಿಲ್ಲ. ಚೌಕದಲ್ಲಿ ಕಾಣುವುದು ಚುಕ್ಕಿಗಳು ಮಾತ್ರವಾದ್ದರಿಂದ ಒಳಗೆ ಬಿದ್ದ ಅಕ್ಷರ ಇಂಗ್ಲಿಷಿನದೋ ಕನ್ನಡದ್ದೋ ತಿಳಿಯುವ ಬಗೆಯಿಲ್ಲ.

ಇನ್‌ಸ್ಕ್ರಿಪ್ಟ್ ವಿನ್ಯಾಸದ ಕನ್ನಡ ಕೀಲಿಮಣೆಯಲ್ಲಿ ಇಂಗ್ಲಿಷಿನ ಎಚ್ ಎಂದಿರುವ ಕೀಲಿ ‘ಪ’ಕಾರವನ್ನು ಕೊಡುತ್ತದೆ; ಜೆ ‘ರ’ಕಾರವನ್ನು, ಎಲ್ ‘ತ’ಕಾರವನ್ನು ಕೊಡುತ್ತದೆ. ತಮಿಳು 99 ವಿನ್ಯಾಸದಲ್ಲಿ ಅದೇ ಎಚ್ ಕೀಲಿ ‘ಕ’ಕಾರ. ಹೀಗೆ ಒಂದೇ ಬೆರಳು ಒಂದೇ ಕೀಲಿಯನ್ನು ಒತ್ತಿದರೂ ಯಂತ್ರಕ್ಕೆ ತಲುಪುವುದು ಮೂರು ಲಿಪಿಗಳ ಮೂರು ಅಕ್ಷರ. ಪಾಸ್‌ವರ್ಡ್ ಮರೆತಿಲ್ಲ, ಬೆರಳು ತಪ್ಪಿಲ್ಲ, ಯಂತ್ರವೂ ಕೆಟ್ಟಿಲ್ಲ.

ಪರಿಹಾರ ಸುಲಭ. ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದುಕೊಂಡು ತೆರಪಿನ ಕೀಲಿಯನ್ನು, ಅಂದರೆ ಸ್ಪೇಸ್ ಬಾರನ್ನು ಒತ್ತಿದರೆ ಭಾಷೆ ಬದಲಾಗುತ್ತದೆ. ಮೂಲೆಯ ಗುರುತಿನ ಮೇಲೆ ಮೌಸ್ ಒತ್ತಿಯೂ ಬದಲಿಸಬಹುದು. ಬಳಿಕ ಚೌಕದಲ್ಲಿ ಬರೆಯತೊಡಗಿದಾಗ ಅದರ ಬಲತುದಿಯಲ್ಲಿ ಮೂಡುವ ಕಣ್ಣಿನ ಚಿತ್ರವನ್ನು ಒತ್ತಿ ಹಿಡಿದರೆ ಚುಕ್ಕಿಗಳ ಬದಲು ಅಕ್ಷರಗಳೇ ಕಾಣುತ್ತವೆ. ಮಕ್ಕಳು ಹಿಂದೆ ನಿಂತಿಲ್ಲವೆಂದು ನೋಡಿಕೊಂಡು ಇದನ್ನು ಮಾಡಬೇಕು.

ನುಡಿ, ಬರಹ ತಂತ್ರಾಂಶಗಳನ್ನು ಮಾತ್ರ ಬಳಸುವವರಿಗೆ ಈ ತೊಂದರೆ ಬರುವುದಿಲ್ಲ. ಇವು ಲಾಗಿನ್ ಆದ ಬಳಿಕ ಆರಂಭವಾಗುವ ಕಾರ್ಯಕ್ರಮಗಳು. ಬಾಗಿಲ ಹೊರಗೆ ಅವುಗಳ ಆಡಳಿತ ನಡೆಯುವುದಿಲ್ಲ. ವರ್ಷಗಟ್ಟಲೆ ನುಡಿಯಲ್ಲಿ ಬರೆದು ರೂಢಿಯಾಗಿ, ಈಚೆಗೆ ವಿಂಡೋಸ್‌ನ ಕನ್ನಡ ಕೀಲಿಮಣೆಯನ್ನು ಹೊಸದಾಗಿ ಸೇರಿಸಿಕೊಂಡ ಹಿರಿಯ ಶಿಕ್ಷಕರು ಈ ಬಲೆಗೆ ಬೀಳುವುದು ಆದ್ದರಿಂದಲೇ. ಇದರರ್ಥ ವಿಂಡೋಸ್‌ನ ಕೀಲಿಮಣೆಯನ್ನು ಬಿಡಬೇಕೆಂದಲ್ಲ. ಯುನಿಕೋಡ್‌ನಲ್ಲಿ ಬರೆದ ಕನ್ನಡ ಯಾವ ಯಂತ್ರದಲ್ಲಾದರೂ ಓದಲು ಸಿಗುತ್ತದೆ. ಮೂಲೆಯ ಗುರುತನ್ನು ನೋಡುವ ಅಭ್ಯಾಸ ಅದಕ್ಕೆ ತೆರಬೇಕಾದ ಸಣ್ಣ ಬೆಲೆ.

ಪಿನ್ ಬಳಸುವ ಯಂತ್ರಗಳಲ್ಲಿ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ಪಿನ್ ಹಲವು ಬಾರಿ ತಪ್ಪಾದರೆ ವಿಂಡೋಸ್, ಎ 1 ಬಿ 2 ಸಿ 3 ಎಂಬ ಆರು ಗುರುತುಗಳನ್ನು ಬರೆದು ತೋರಿಸೆನ್ನುತ್ತದೆ. ಕೀಲಿಮಣೆ ಕೆಟ್ಟಿದೆಯೋ ಇಲ್ಲವೋ ಎಂಬ ಪರೀಕ್ಷೆ ಅದು. ಕನ್ನಡದಲ್ಲಿರುವ ಕೀಲಿಮಣೆಯಿಂದ ಎ, ಬಿ, ಸಿ ಬರೆಯಲಾಗುವುದಿಲ್ಲ. ಶಿಕ್ಷಕರು ಯಂತ್ರ ಏನನ್ನು ಕೇಳುತ್ತಿದೆಯೆಂದೇ ತಿಳಿಯದೆ ಕೈಚೆಲ್ಲುತ್ತಾರೆ. ಅಲ್ಲಿ ಬರೆದ ಅಕ್ಷರಗಳು ಚುಕ್ಕಿಯಾಗದೆ ಹಾಗೆಯೇ ಕಾಣುವುದರಿಂದ, ವಾಸ್ತವವಾಗಿ ಅದು ಭಾಷೆಯನ್ನು ತಿಳಿದುಕೊಳ್ಳಲು ಸಿಕ್ಕ ಒಳ್ಳೆಯ ಅವಕಾಶ.

ಹಳೆಯ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಂ ಲಾಕ್ ಒತ್ತಿಹೋಗಿದ್ದರೆ ಜೆ, ಕೆ, ಎಲ್ ಕೀಲಿಗಳು 1, 2, 3 ಅಂಕಿಗಳನ್ನು ಬರೆಯುವುದೂ ಉಂಟು. ಕ್ಯಾಪ್ಸ್ ಲಾಕ್ ವಿಷಯವನ್ನು ಎಲ್ಲರೂ ಬಲ್ಲರು. ಇದನ್ನು ಬಲ್ಲವರು ಕಡಿಮೆ.

ಸಂದೇಹವಿದ್ದಾಗ ಒಂದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಬರೆಯುತ್ತಾ ಹೋಗಬಾರದು. ಹೊಸದಾಗಿ ಸ್ಥಾಪಿಸಿದ ವಿಂಡೋಸ್ 11 ವ್ಯವಸ್ಥೆಯಲ್ಲಿ ಹತ್ತು ಬಾರಿ ತಪ್ಪಿದರೆ ಖಾತೆ ಹತ್ತು ನಿಮಿಷ ಮುಚ್ಚಿಕೊಳ್ಳುತ್ತದೆ.

ಪಾಸ್‌ವರ್ಡ್ ಯಾರದು, ಎಲ್ಲಿದೆ?

ಭಾಷೆ ಸರಿಯಿದ್ದೂ ಪಾಸ್‌ವರ್ಡ್ ಒಪ್ಪದಿದ್ದರೆ ಅದು ಯಾವ ಪಾಸ್‌ವರ್ಡೆಂದು ಕೇಳಬೇಕು. ಶಿಕ್ಷಕರ ನೆನಪಿನಲ್ಲಿ ಇಲಾಖೆಯ ಇಎಂಐಎಸ್ ಜಾಲತಾಣದ ಪಾಸ್‌ವರ್ಡ್, ಮಿಂಚಂಚೆಯ ಪಾಸ್‌ವರ್ಡ್, ಯಂತ್ರದ ಪಾಸ್‌ವರ್ಡ್ ಮೂರೂ ಒಂದೇ ಗಂಟಾಗಿರುತ್ತವೆ. ಇಎಂಐಎಸ್ ಪಾಸ್‌ವರ್ಡ್ ಬದಲಾದರೆ ಯಂತ್ರದ್ದು ಬದಲಾಗುವುದಿಲ್ಲ.

ವಿಂಡೋಸ್‌ನ ಖಾತೆಗಳಲ್ಲಿ ಎರಡು ಬಗೆ. ಯಂತ್ರದಲ್ಲಿ ಮಾತ್ರ ಇರುವ ಸ್ಥಳೀಯ ಖಾತೆ ಒಂದು. ಮಿಂಚಂಚೆ ವಿಳಾಸದೊಡನೆ ಬೆಸೆದ ಮೈಕ್ರೋಸಾಫ್ಟ್ ಖಾತೆ ಇನ್ನೊಂದು. ಎರಡನೆಯ ಬಗೆಯ ಪಾಸ್‌ವರ್ಡನ್ನು ಯಾರಾದರೂ ಬೇರೆಡೆ ಬದಲಿಸಿದ್ದರೆ, ಶಾಲೆಯ ಯಂತ್ರಕ್ಕೆ ಅಂತರಜಾಲ ಸಿಗುವವರೆಗೂ ಆ ಸುದ್ದಿ ತಲುಪಿರುವುದಿಲ್ಲ. ಆಗ ಅದು ಹಳೆಯ ಪಾಸ್‌ವರ್ಡನ್ನೇ ಒಪ್ಪುತ್ತದೆ, ಹೊಸದನ್ನು ತಳ್ಳುತ್ತದೆ. ಮೊಬೈಲ್ ಸಂಕೇತವೇ ಬಂದು ಹೋಗುವ ಬೆಟ್ಟದ ಊರುಗಳಲ್ಲಿ ಇದನ್ನು ನೆನಪಿಡಬೇಕು. ಲಾಗಿನ್ ಪರದೆಯ ಕೆಳಮೂಲೆಯಲ್ಲಿರುವ ಜಾಲದ ಗುರುತನ್ನು ಒತ್ತಿ, ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಹೊಸ ಪಾಸ್‌ವರ್ಡನ್ನು ಪುನಃ ಪ್ರಯತ್ನಿಸಬಹುದು.

ಪಾಸ್‌ವರ್ಡ್ ಮರೆತೇಹೋಗಿದ್ದರೆ ಮೈಕ್ರೋಸಾಫ್ಟ್ ಖಾತೆಯನ್ನು ಫೋನಿಗೆ ಬರುವ ಸಂಖ್ಯೆಯ ನೆರವಿನಿಂದ ಮರಳಿ ಪಡೆಯಬಹುದು. ಆದರೆ ಆ ಸಂಖ್ಯೆ ಹೋಗುವುದು ಖಾತೆ ತೆರೆದವರ ಫೋನಿಗೆ. ಅವರು ವರ್ಗವಾಗಿ ಹೋಗಿದ್ದರೆ ಅವರನ್ನೇ ಹುಡುಕಬೇಕು. ಸ್ಥಳೀಯ ಖಾತೆಯಾದರೆ ಪಾಸ್‌ವರ್ಡ್ ತಪ್ಪಿದ ಬಳಿಕ ಅದನ್ನು ಮರುಹೊಂದಿಸುವ ಕೊಂಡಿ ಕಾಣಿಸಿಕೊಂಡು, ಖಾತೆ ತೆರೆದಾಗ ಉತ್ತರಿಸಿದ್ದ ಮೂರು ಭದ್ರತಾ ಪ್ರಶ್ನೆಗಳನ್ನು ಕೇಳುತ್ತದೆ. ಇಲ್ಲಿ ಈ ಪ್ರದೇಶಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಹುಟ್ಟಿದ ಊರು ಯಾವುದೆಂಬ ಪ್ರಶ್ನೆಗೆ ತಾಳವಾಡಿ ಎಂದು ಬರೆಯುವವರು ಇಂಗ್ಲಿಷಿನಲ್ಲಿ ಟಿ, ಎ ಎಂದು ಆರಂಭಿಸಿದ್ದರೋ, ತಮಿಳಿನ ರೂಢಿಯಂತೆ ಟಿ, ಎಚ್, ಎ ಎಂದು ಆರಂಭಿಸಿದ್ದರೋ? ತಿಗನಾರೆಯ ಕೊನೆಯನ್ನು ಕನ್ನಡದ ಉಚ್ಚಾರದಂತೆ ಇ ಅಕ್ಷರದಿಂದ ಮುಗಿಸಿದ್ದರೋ, ತಮಿಳು ದಾಖಲೆಗಳಲ್ಲಿರುವಂತೆ ಎ, ಐ ಎಂದು ಮುಗಿಸಿದ್ದರೋ? ಊರಿನ ಹೆಸರಿಗೆ ಎರಡು ಮೂರು ಕಾಗುಣಿತ ಇರುವಲ್ಲಿ ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸಿ ನೋಡಬೇಕು. ಖಾತೆ ತೆರೆಯುವಾಗಲೇ ಊರಿನ ಹೆಸರು ಬೇಡದ ಪ್ರಶ್ನೆಗಳನ್ನು ಆರಿಸಿಕೊಳ್ಳುವುದು ಜಾಣತನ.

ಶಾಲೆಯ ಪ್ರತಿಯೊಂದು ಯಂತ್ರದಲ್ಲೂ ಆಡಳಿತಾಧಿಕಾರವುಳ್ಳ ಎರಡನೆಯ ಖಾತೆಯೊಂದು ಇರಬೇಕು. ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಬೇಕು. ಒಂದು ಖಾತೆ ಮುಚ್ಚಿಕೊಂಡರೆ ಇನ್ನೊಂದರಿಂದ ಒಳಹೊಕ್ಕು ಅದರ ಪಾಸ್‌ವರ್ಡನ್ನು ಬದಲಿಸಬಹುದು. ವರ್ಗಾವಣೆಯಾಗಿ ಹೋಗುವ ಶಿಕ್ಷಕರಿಂದ ಪುಸ್ತಕದ ಬೀರುವಿನ ಬೀಗದಕೈಯನ್ನು ಕೇಳಿ ಪಡೆಯುವ ಶಾಲೆ, ಗಣಕಯಂತ್ರದ ಪಾಸ್‌ವರ್ಡನ್ನು ಕೇಳದೆ ಕಳುಹಿಸಿಕೊಡುವುದು ವಿಚಿತ್ರವೇ ಸರಿ.

ತಿರುಗುವ ಚಕ್ರ

ಪಾಸ್‌ವರ್ಡ್ ಒಪ್ಪಿದ ಮೇಲೆ ಸ್ವಾಗತದ ಮಾತಿನೊಡನೆ ಚಕ್ರ ತಿರುಗುತ್ತಲೇ ಇದ್ದರೆ ಬೇಕಾದದ್ದು ತಾಳ್ಮೆ. ಬೇಸಿಗೆ ರಜೆಯಿಡೀ ಮುಚ್ಚಿದ್ದ ಯಂತ್ರ ಜೂನ್ ತಿಂಗಳಲ್ಲಿ ಅಂತರಜಾಲ ಕಂಡೊಡನೆ ಎರಡು ತಿಂಗಳ ನವೀಕರಣಗಳನ್ನು ಒಟ್ಟಿಗೆ ಇಳಿಸಿಕೊಂಡು, ಮುಂದಿನ ಆರಂಭದ ವೇಳೆ ಅವನ್ನು ಜೋಡಿಸತೊಡಗುತ್ತದೆ. ತಿರುಗುವ ತಟ್ಟೆಯುಳ್ಳ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಕೆಲಸ ಒಂದು ಗಂಟೆಯನ್ನೂ ಮೀರಬಹುದು. ಡಿಸ್ಕಿನ ದೀಪ ಮಿನುಗುತ್ತಿರುವವರೆಗೆ ಯಂತ್ರ ದುಡಿಯುತ್ತಿದೆಯೆಂದೇ ತಿಳಿಯಬೇಕು. ಆ ನಡುವೆ ಗುಂಡಿಯೊತ್ತಿ ಆರಿಸುವುದು ಅರೆಬರೆ ಜೋಡಣೆಗೆ ಕಾರಣವಾಗಿ, ಇಲ್ಲದ ರೋಗವನ್ನು ತರಿಸುತ್ತದೆ. ಗುಡುಗು ಮಳೆಯ ದಿನಗಳಲ್ಲಿ ವಿದ್ಯುತ್ತು ತಾನಾಗಿಯೇ ಹೋಗಿ ಇದೇ ಅನಾಹುತವನ್ನು ಮಾಡುವುದರಿಂದ, ಮೇಜಿನ ಯಂತ್ರಕ್ಕೆ ಯುಪಿಎಸ್ ಇಲ್ಲದಿದ್ದರೆ ನವೀಕರಣವನ್ನು ಮಳೆಮೋಡವಿಲ್ಲದ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬೇಕು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಸೇರಿಸಿಯೇ ಇಡಬೇಕು.

ದೀಪ ಪೂರ್ತಿಯಾಗಿ ನಿಂತು, ಮೌಸ್ ಕೂಡ ಕದಲದೆ ಬಹಳ ಹೊತ್ತಾಗಿದ್ದರೆ ಆಗ ಆರಂಭದ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಒತ್ತಿಹಿಡಿದು ಯಂತ್ರವನ್ನು ಆರಿಸಬೇಕು. ಪೆನ್‌ಡ್ರೈವ್, ಮುದ್ರಣಯಂತ್ರ, ಪ್ರೊಜೆಕ್ಟರ್, ಜಾಲದ ತಂತಿ ಎಲ್ಲವನ್ನೂ ಕಿತ್ತು, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಮತ್ತೆ ಹೊತ್ತಿಸಬೇಕು. ಕೆಟ್ಟ ಪೆನ್‌ಡ್ರೈವೊಂದು ಇಡೀ ಯಂತ್ರವನ್ನು ಕಾಯಿಸುವುದುಂಟು. ಆರಂಭದಲ್ಲಿ ಡಿಸ್ಕನ್ನು ಪರೀಕ್ಷಿಸುವ ಸೂಚನೆ ಬಂದು, ಬೇಡವಾದರೆ ಯಾವುದಾದರೂ ಕೀಲಿ ಒತ್ತಿರೆಂದು ಕೇಳಿದರೆ ಒತ್ತಬಾರದು, ಪರೀಕ್ಷೆ ನಡೆಯಲಿ.

ಈ ಸಂದರ್ಭದಲ್ಲಿ ‘ಶಟ್ ಡೌನ್’ ಮತ್ತು ‘ರೀಸ್ಟಾರ್ಟ್’ ಒಂದೇ ಅಲ್ಲವೆಂಬುದನ್ನೂ ತಿಳಿದಿರಬೇಕು. ವಿಂಡೋಸ್ 8ರಿಂದೀಚೆಗೆ ಯಂತ್ರ ಬೇಗ ಆರಂಭವಾಗಲೆಂದು ಶಟ್ ಡೌನ್ ವೇಳೆ ಕಾರ್ಯವ್ಯವಸ್ಥೆಯ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುವ ಏರ್ಪಾಡು ಇದೆ. ಒಳಗೊಂದು ತೊಡಕಿದ್ದರೆ ಅದೂ ಮರುದಿನಕ್ಕೆ ಉಳಿದು ಬರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಮೂರು ದಿನ ಆರಿಸಿ ಹೊತ್ತಿಸಿದರೂ ಹೋಗದ ತೊಂದರೆ ಒಂದು ರೀಸ್ಟಾರ್ಟಿನಿಂದ ಹೋಗುವುದು ಇದಕ್ಕೇ.

ಒಳಗೆ ಹೋದಾಗ ತನ್ನ ಕಡತಗಳಾವುವೂ ಇಲ್ಲದ ಖಾಲಿ ಮೇಜು ಕಂಡು, ತಾತ್ಕಾಲಿಕ ಪ್ರೊಫೈಲಿನಲ್ಲಿ ಇದ್ದೀರೆಂಬ ಸೂಚನೆ ಬಂದರೆ ಗಾಬರಿಯಾಗಬೇಕಿಲ್ಲ. ಕಡತಗಳು ಸಿ ಡ್ರೈವಿನ ಯೂಸರ್ಸ್ ಎಂಬ ಕೋಶದಲ್ಲಿ ಹಳೆಯ ಹೆಸರಿನಡಿ ಇರುತ್ತವೆ. ಅಲ್ಲಿಂದ ಕೂಡಲೇ ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡು, ಬಳಿಕ ಮರು ಆರಂಭಿಸಬೇಕು. ಆ ತಾತ್ಕಾಲಿಕ ಮೇಜಿನ ಮೇಲೆ ಹೊಸದಾಗಿ ಏನನ್ನೂ ಉಳಿಸಬಾರದು, ಹೊರಬಂದೊಡನೆ ಅದು ಅಳಿಸಿಹೋಗುತ್ತದೆ.

ಕಪ್ಪು ಪರದೆ

ಲಾಗಿನ್ ಆದ ಮೇಲೆ ಪರದೆ ಕಪ್ಪಾಗಿದ್ದು ಮೌಸಿನ ಬಾಣ ಮಾತ್ರ ಕಾಣುತ್ತಿದ್ದರೆ, ಶಾಲೆಯಲ್ಲಿ ಮೊದಲು ನೆನೆಯಬೇಕಾದದ್ದು ಪ್ರೊಜೆಕ್ಟರನ್ನು. ಹಿಂದಿನ ದಿನ ಪ್ರೊಜೆಕ್ಟರಿಗೆ ಜೋಡಿಸಿ ‘ಎರಡನೆಯ ಪರದೆ ಮಾತ್ರ’ ಎಂಬ ಆಯ್ಕೆ ಮಾಡಿದ್ದರೆ ಯಂತ್ರ ಇನ್ನೂ ಆ ಪರದೆಯನ್ನೇ ಹುಡುಕುತ್ತಿರಬಹುದು. ವಿಂಡೋಸ್ ಕೀಲಿಯೊಡನೆ ಪಿ ಒತ್ತಿ, ಬಾಣದ ಕೀಲಿಯಿಂದ ಆಯ್ಕೆ ಬದಲಿಸಿ ಎಂಟರ್ ಒತ್ತಬೇಕು. ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರ ಮೂಡಿಸುವ ಚಾಲಕ ತಂತ್ರಾಂಶ ಮತ್ತೆ ಆರಂಭವಾಗುತ್ತದೆ. ಅದರಿಂದಲೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಕಾರ್ಯವನ್ನು ಆರಂಭಿಸುವ ಚೌಕದಲ್ಲಿ ‘ಎಕ್ಸ್‌ಪ್ಲೋರರ್’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಮೇಜಿನ ಚಿತ್ರ ಬಾರದೆ ಉಳಿದಿದ್ದರೆ ಇದರಿಂದ ಬರುತ್ತದೆ.

ದುರಸ್ತಿಯ ಹಿಂಬಾಗಿಲು

ಮೇಲಿನ ಯಾವುದರಿಂದಲೂ ಆಗದಿದ್ದಾಗ ವಿಂಡೋಸ್‌ನ ಚೇತರಿಕೆಯ ಪರದೆಗೆ ಹೋಗಬಹುದು. ಲಾಗಿನ್ ಪರದೆಯಲ್ಲಿರುವ ವಿದ್ಯುತ್ ಗುರುತನ್ನು ಒತ್ತಿ, ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ರೀಸ್ಟಾರ್ಟ್ ಆರಿಸಿದರೆ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಬಳಿಕ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಬಳಿಕ ‘ಸ್ಟಾರ್ಟಪ್ ಸೆಟ್ಟಿಂಗ್ಸ್’. ಯಂತ್ರ ಮತ್ತೆ ಆರಂಭವಾದಾಗ ಬರುವ ಪಟ್ಟಿಯಲ್ಲಿ 4ನೆಯ ಆಯ್ಕೆ ಸೇಫ್ ಮೋಡ್, ಅಂದರೆ ತೀರ ಅಗತ್ಯವಾದ ಭಾಗಗಳಿಂದ ಮಾತ್ರ ನಡೆಯುವ ಸ್ಥಿತಿ. ಸೇಫ್ ಮೋಡಿನಲ್ಲಿ ಯಂತ್ರ ಒಳಗೆ ಬಿಟ್ಟಿತೆಂದರೆ ಕಾರ್ಯವ್ಯವಸ್ಥೆ ಬದುಕಿದೆ. ತಡೆಯುತ್ತಿದ್ದುದು ಈಚೆಗೆ ಸೇರಿಸಿದ ಯಾವುದೋ ತಂತ್ರಾಂಶ ಅಥವಾ ಚಾಲಕ. ಅದನ್ನು ತೆಗೆಯುವ ಮೊದಲು ಕಡತಗಳ ಪ್ರತಿ ಮಾಡಿಕೊಳ್ಳಬೇಕು. ಇದೇ ನೀಲಿ ಪರದೆಯಲ್ಲಿ ಈಚಿನ ನವೀಕರಣವನ್ನು ತೆಗೆದುಹಾಕುವ ಆಯ್ಕೆಯೂ, ಯಂತ್ರವನ್ನು ಹಿಂದಿನ ದಿನಾಂಕದ ಸ್ಥಿತಿಗೆ ಮರಳಿಸುವ ಆಯ್ಕೆಯೂ ಇವೆ.

ಇನ್ನೊಂದು ಆಯ್ಕೆ ಯಂತ್ರವನ್ನು ಮರುಹೊಂದಿಸುವುದು. ಅದರಲ್ಲಿ ‘ನನ್ನ ಕಡತಗಳನ್ನು ಉಳಿಸು’ ಎಂಬ ಉಪಾಯ ಕಂಡು ಅನೇಕರು ನೆಮ್ಮದಿಯಿಂದ ಒತ್ತಿಬಿಡುತ್ತಾರೆ. ಕಡತಗಳು ಉಳಿಯುತ್ತವೆ ನಿಜ. ಹೊರಗಿನಿಂದ ತುಂಬಿಸಿದ ತಂತ್ರಾಂಶಗಳು ಉಳಿಯುವುದಿಲ್ಲ. ನುಡಿ, ಬರಹ ಎರಡೂ ಹೋಗುತ್ತವೆ. ಯುನಿಕೋಡ್ ಬರುವ ಮುಂಚಿನ ಕ್ರಮದಲ್ಲಿ ನುಡಿಯ ಅಕ್ಷರಶೈಲಿಯಿಂದ ಬರೆದ ಹಳೆಯ ಪತ್ರಿಕೆಗಳು ಆಗ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತವೆ. ಅವು ಕೆಟ್ಟಿಲ್ಲ, ನುಡಿಯನ್ನು ಮತ್ತೆ ತುಂಬಿಸಿದೊಡನೆ ಕನ್ನಡವಾಗಿ ಕಾಣುತ್ತವೆ. ಇದು ತಿಳಿಯದೆ ಅಂಥ ಕಡತಗಳನ್ನು ಅಳಿಸಿದವರಿದ್ದಾರೆ. ಮೊದಲಿನ ವಿಂಡೋಸ್‌ಗಳಲ್ಲಿ ತಾನಾಗಿಯೇ ಬರುತ್ತಿದ್ದ ತುಂಗಾ ಅಕ್ಷರಶೈಲಿಯನ್ನು ವಿಂಡೋಸ್ 10ರಲ್ಲಿ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಬೇರೆಯಾಗಿ ತುಂಬಿಸಿಕೊಳ್ಳಬೇಕು.

ಚೇತರಿಕೆಯ ಪರದೆ ಕೆಲವೊಮ್ಮೆ 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತದೆ. ಡಿಸ್ಕು ಗೂಢಲಿಪಿಯಲ್ಲಿದೆ ಎಂಬುದರ ಸೂಚನೆ ಅದು. ಯಂತ್ರವನ್ನು ಮೊದಲು ಸಿದ್ಧಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಸಂಖ್ಯೆ ಉಳಿದಿರುವುದುಂಟು. ಅದಿಲ್ಲದೆ ಕಡತಗಳನ್ನು ಯಾರೂ ತೆಗೆದುಕೊಡಲಾರರು. ತೆಗೆದುಕೊಡುವೆವೆನ್ನುವವರ ಮಾತನ್ನು ನಂಬಬಾರದು.

ಲಿನಕ್ಸ್ ಇರುವ ಯಂತ್ರಗಳು

ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳಲ್ಲಿ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಇದ್ದವೂ ಉಂಟು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೇರಳದ ಕೈಟ್ ಸಂಸ್ಥೆಯ ಲಿನಕ್ಸ್ ಬಳಕೆಯಲ್ಲಿದೆ. ಇವುಗಳಲ್ಲಿ ಕಾಣುವ ವಿಶೇಷ ತೊಂದರೆ, ಪಾಸ್‌ವರ್ಡ್ ಒಪ್ಪಿದಂತೆ ಮಾಡಿ ಕ್ಷಣದಲ್ಲಿ ಲಾಗಿನ್ ಪರದೆಗೇ ಹಿಂದಿರುಗುವುದು. ಪಾಸ್‌ವರ್ಡ್ ತಪ್ಪಾಗಿದ್ದರೆ ತಪ್ಪೆಂದು ಹೇಳುತ್ತಿತ್ತು. ಹೇಳದೆ ಹಿಂದಿರುಗಿದೆಯೆಂದರೆ ಒಳಗೆ ಮೇಜನ್ನು ಹಾಸಲು ಆಗಿಲ್ಲ.

ಅನೇಕ ವೇಳೆ ಇದಕ್ಕೆ ಕಾರಣ ಡಿಸ್ಕು ತುಂಬಿಹೋಗಿರುವುದು. ಇಳಿಸಿಕೊಂಡ ಪಾಠದ ವಿಡಿಯೋಗಳು ಡಿಸ್ಕನ್ನು ತುಂಬಿದಾಗ, ಲಾಗಿನ್ ಹೊತ್ತಿನಲ್ಲಿ ಬರೆಯಬೇಕಾದ ಸಣ್ಣ ಕಡತಕ್ಕೂ ಜಾಗ ಸಿಗುವುದಿಲ್ಲ. ಕಂಟ್ರೋಲ್, ಆಲ್ಟ್ ಮತ್ತು ಎಫ್ 3 ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ಬರುತ್ತದೆ. ಅಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಬರೆಯಬೇಕು. ಪಾಸ್‌ವರ್ಡ್ ಬರೆಯುವಾಗ ಚುಕ್ಕಿಯೂ ಕಾಣುವುದಿಲ್ಲ, ಕಾಣದಿರುವುದೇ ಸರಿ. ಬಳಿಕ ಡಿ, ಎಫ್ ಎಂಬ ಎರಡು ಚಿಕ್ಕಕ್ಷರಗಳ ಆಜ್ಞೆಯನ್ನು ಕೊಟ್ಟರೆ ಡಿಸ್ಕು ಶೇಕಡ ಎಷ್ಟು ತುಂಬಿದೆಯೆಂಬ ಪಟ್ಟಿ ಬರುತ್ತದೆ. 100 ಎಂದಿದ್ದರೆ ಕಾರಣ ಸಿಕ್ಕಿತು. ಬೇಡದ ವಿಡಿಯೋವೊಂದನ್ನು ಅಳಿಸಿದರೂ ಒಳಹೋಗುವಷ್ಟು ಜಾಗವಾಗುತ್ತದೆ. ಡಿಸ್ಕಿನಲ್ಲಿ ಜಾಗವಿದ್ದೂ ಹೀಗಾದರೆ, ಬಳಕೆದಾರರ ಕೋಶದಲ್ಲಿ ಅಡಗಿರುವ ಎಕ್ಸ್ ಅಥಾರಿಟಿ ಎಂಬ ಕಡತದ ಒಡೆತನ ಆಡಳಿತ ಖಾತೆಗೆ ಹೋಗಿರಬಹುದು. ಅದನ್ನು ಬಲ್ಲವರಿಗೆ ಫೋನಿನಲ್ಲಿ ಈ ಹೆಸರನ್ನು ಹೇಳಿದರೆ ಸಾಕು.

ಲಿನಕ್ಸ್ ಇನ್ನೊಂದು ರೀತಿಯಲ್ಲೂ ಉಪಕಾರಿ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ತಾಲ್ಲೂಕಿನಲ್ಲಿ ಒಬ್ಬ ಶಿಕ್ಷಕರಾದರೂ ಸಿದ್ಧವಾಗಿಟ್ಟುಕೊಂಡಿದ್ದರೆ, ವಿಂಡೋಸ್ ತೆರೆಯದ ಯಂತ್ರವನ್ನು ಅದರಿಂದ ಆರಂಭಿಸಿ ಡಿಸ್ಕಿನಲ್ಲಿರುವ ಕಡತಗಳನ್ನು ಓದಿ ಬೇರೆಡೆಗೆ ಪ್ರತಿ ಮಾಡಿಕೊಳ್ಳಬಹುದು. ಗೂಢಲಿಪಿಯ ಡಿಸ್ಕಿಗೆ ಮಾತ್ರ ಇದು ಸಲ್ಲದು.

ಒಯ್ಯಲೇಬೇಕಾದರೆ

ಇಷ್ಟಾದ ಮೇಲೂ ಯಂತ್ರವನ್ನು ದುರಸ್ತಿಗೆ ಒಯ್ಯಬೇಕಾಗಿ ಬಂದರೆ ಅದರೊಡನೆ ಒಂದು ಚೀಟಿಯನ್ನೂ ಒಯ್ಯಬೇಕು. ಸತ್ಯಮಂಗಲಕ್ಕಾದರೆ ತಮಿಳಿನಲ್ಲಿ, ಚಾಮರಾಜನಗರಕ್ಕಾದರೆ ಕನ್ನಡದಲ್ಲಿ ಬರೆದಿರಬೇಕು. ಯಂತ್ರ ಯಾವ ಹಂತದಲ್ಲಿ ನಿಲ್ಲುತ್ತದೆ, ಶಾಲೆಯಲ್ಲಿ ಏನೇನು ಮಾಡಿ ನೋಡಲಾಗಿದೆ, ಪರದೆಯಲ್ಲಿ ಬಂದ ಸೂಚನೆ ಯಾವುದು ಎಂಬುದರ ಜೊತೆಗೆ, ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದೂ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರು ಕೋಶಗಳನ್ನೂ ಡಿ ಡ್ರೈವಿನಲ್ಲಿರುವುದನ್ನೂ ಮೊದಲು ಪ್ರತಿ ಮಾಡಬೇಕೆಂದೂ ಅದರಲ್ಲಿರಲಿ. ದುರಸ್ತಿಗಾರರಿಗೆ ಕನ್ನಡದ ಕಡತಗಳ ಹೆಸರು ಓದಲು ಬಾರದಿರಬಹುದು; ಬೇಡದ ಕಸವೆಂದು ಅವರು ತಿಳಿಯದಂತೆ ಕೋಶಗಳ ಹೆಸರಾದರೂ ಇಂಗ್ಲಿಷಿನಲ್ಲಿದ್ದರೆ ಅನುಕೂಲ. ನುಡಿ ಮತ್ತು ಬರಹವನ್ನು ತುಂಬಿಸುವ ಕಡತಗಳಿರುವ ಪೆನ್‌ಡ್ರೈವನ್ನೂ ಜೊತೆಗೇ ಕೊಂಡೊಯ್ಯಬೇಕು.

ಯಂತ್ರವನ್ನು ಹಿಂದಕ್ಕೆ ಪಡೆಯುವಾಗ ಅಂಗಡಿಯಲ್ಲಿಯೇ ವಿಂಡೋಸ್ ಕೀಲಿಯೊಡನೆ ಎಲ್ ಒತ್ತಿ ಪರದೆಯನ್ನು ಮುಚ್ಚಬೇಕು. ಮೂಲೆಯ ಗುರುತಿನಲ್ಲಿ ಯಾವ ಯಾವ ಭಾಷೆಗಳಿವೆಯೆಂದು ನೋಡಿ, ಇಂಗ್ಲಿಷಿಗೆ ಬದಲಿಸಿ, ಪಾಸ್‌ವರ್ಡ್ ಬರೆದು ಒಳಹೋಗಬೇಕು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆರೆದು ಅಕ್ಷರಗಳು ಸರಿಯಾಗಿ ಕಾಣುತ್ತಿವೆಯೇ, ಒತ್ತಕ್ಷರಗಳು ತಮ್ಮ ಜಾಗದಲ್ಲಿವೆಯೇ ಎಂದು ಪರೀಕ್ಷಿಸಿಕೊಂಡೇ ಬಸ್ಸು ಹತ್ತಬೇಕು.